ಎಣ್ಣಿ ಕುಡದಾನ್ರಿ

ಇನ್ನೊಬ್ಬರ ಮನೆಯ ನೋವನ್ನು ಹೇಳಲು ಹೊರಟದ್ದು ತಪ್ಪೇನೋ. ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ತಿಕೋಟಾ ಕಡೆ ಬೆಳೆಗೆ ಹೊಡೆಯುವ ವಿಷಕ್ಕೆ ಎಣ್ಣಿ ಅನ್ನುತ್ತಾರೆ. ಸಾರಾಯಿಗೂ ಎಣ್ಣಿ ಅಂತಲೇ ಹೆಸರು. ಹೋದ ವರ್ಷ ಸಂಗಣ್ಣನ ದ್ರಾಕ್ಷಿ ತೋಟದಲ್ಲಿ ಮೂಗಿಗೆ ಬಟ್ಟೆಯೂ ಇಲ್ಲದೆ ಎಣ್ಣಿ ಹೊಡೆಯುತ್ತಿದ್ದ ಅಮರಪ್ಪ ಬಾಯಲ್ಲಿ ನೊರೆ ಬಂದು ಬಿದ್ದ. ಸಂಗಣ್ಣ ಅವನನ್ನು ಜೀಪಿನಲ್ಲಿ ವಿಜಯಪುರದ ದವಾಖಾನೆಗೆ ಒಯ್ದ. ಏನಾಯಿತೆಂದು ಕೇಳಿದವರಿಗೆ "ಎಣ್ಣಿ ಕುಡದಾನ್ರಿ" ಅಂದ. ಅಲ್ಲಿ ವಿಷ ಕುಡಿದಿದ್ದಾನೆಂದೇ ಬರೆದುಕೊಂಡರು. ತೋಟದ ಮಾಲಕನ ಮೇಲೆ ಮಾತು ಬರಲಿಲ್ಲ.

ಅಮರಪ್ಪ ಬದುಕಿದ. ಕೈನಡುಕ ಉಳಿಯಿತು, ಆ ಮಾತೂ ಉಳಿಯಿತು. ಅಂಗಡಿಯಲ್ಲಿ ಹಗ್ಗ ಕೇಳಿದರೆ "ನಿಮ್ಮಾಕಿನ್ನ ಕಳಸು" ಅನ್ನುವರು. ಅವನು ಹೊರಗೆ ಹೋಗುವುದನ್ನೂ ಮಾತಾಡುವುದನ್ನೂ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ. ಹೆಂಡತಿ ಗುರುಬಸವ್ವ ಹಲ್ಲು ಕಚ್ಚಿ ಕಾದಳು.

ಈ ವರ್ಷ ಎಳೆಗೊಂಚಲುಗಳನ್ನು ಒಂದೊಂದಾಗಿ ಔಷಧದ ನೀರಿನಲ್ಲಿ ಅದ್ದುವ ಹೊತ್ತು ಬಂತು. ಎರಡು ದಿನ ತಪ್ಪಿದರೆ ಕಾಳು ದಪ್ಪಗಾಗುವುದಿಲ್ಲ. ಅದ್ದುವ ಇಪ್ಪತ್ತು ಹೆಂಗಸರನ್ನು ಕೂಲಿಗೆ ಕರೆತರುವವಳು ಗುರುಬಸವ್ವ, ಅವರು ಅವಳ ಮಾತು ದಾಟುವವರಲ್ಲ. ಸಂಗಣ್ಣ ತಾನೇ ಮನೆಗೆ ಬಂದ.

"ನಾಳೆ ಮಂದಿ ಕಳಸ ಬೇ ತಂಗಿ."

"ಇವತ್ತ ಬಬಲೇಶ್ವರ ಸಂತ್ಯಾಗ ನಿಂತು, ನನ್ನ ಗಂಡ ಎಣ್ಣಿ ಕುಡದಿದ್ದಿಲ್ಲ, ಹೊಡಿಯೂ ಮುಂದ ಮೂಗಿಗೆ ಹತ್ತಿತ್ತು ಅಂತ ಹೇಳ್ರಿ. ಆಮ್ಯಾಲ ನೋಡೂಣು."

ಸಂತೆಯ ಚಹಾದಂಗಡಿಯ ಮುಂದೆ ಸಂಗಣ್ಣ ಕೆಮ್ಮಿದ. "ನಮ್ಮ ಅಮರಪ್ಪ ಎಣ್ಣಿ ಕುಡದಿಲ್ರಪಾ."

"ನಾವೂ ಕುಡದಿಲ್ಲ ಬಿಡೋ ಯಪ್ಪಾ, ಇನ್ನಾ ಹೊತ್ತ ಮುಣಗಿಲ್ಲ," ಎಂದ ಮೆಣಸಿನಕಾಯಿ ಮಾರುವ ದಾವಲಸಾಬ.

ಸುತ್ತಲಿನವರೆಲ್ಲ ನಕ್ಕರು. ಜೊತೆಗೆ ಬಂದಿದ್ದ ಗುರುಬಸವ್ವ ನಗಲಿಲ್ಲ. ಸಂಗಣ್ಣ ಬೆವತು, "ತ್ವಾಟಕ್ಕ ಹೊಡಿಯೂ ಎಣ್ಣಿ. ಮಾರಿಗೆ ಕಟಗೊಳ್ಳಾಕ ನಾ ಏನೂ ಕೊಟ್ಟಿದ್ದಿಲ್ಲ. ಕುಡದದ್ದ ನಾ ಕಂಡಿಲ್ಲ. ನನ್ನ ಮ್ಯಾಲ ಬರಬಾರದಂತ ಹಂಗಂದೆ" ಎಂದ. ನಗು ನಿಂತಿತು.

ಮರುದಿನ ಹೆಂಗಸರು ತೋಟಕ್ಕೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಸಂಗಣ್ಣ ಫೋನ್ ಮಾಡಿದಾಗ ಗುರುಬಸವ್ವ, "ನಮ್ಮದೊಂದ ವರ್ಷ ಹೋಗೇತ್ರಿ. ನಿಮ್ಮದೂ ಒಂದ ಹೋಗ್ಲಿ" ಅಂದು ಇಟ್ಟಳು.

ಆ ಖುಷಿಯಲ್ಲೇ ಗಂಡನ ಹತ್ತಿರ ಕುಳಿತು, ಸಂತೆಯಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಅಮರಪ್ಪ ಗೋಡೆಯಿಂದ ಇತ್ತ ಹೊರಳಿದ.

"ನಾ ಕುಡದಿಲ್ಲಂತ ನಿನಗ ಯಾರ ಹೇಳಿದ್ರು?"

ಆ ದಿನ ಅವನು ಬಿದ್ದ ಬಳ್ಳಿಸಾಲಿನಲ್ಲಿ ಬೇರೆ ಯಾರೂ ಇರಲಿಲ್ಲ. ಕುಡಿದಿದ್ದನೋ, ಇಲ್ಲವೋ, ಗೊತ್ತಿಲ್ಲ.