ಹೊಟ್ಟೆಯ ಉಣ್ಣೆ

ಕತ್ತರಿಯ ಸದ್ದು ಎಂದಿನಂತಿರಲಿಲ್ಲ. ಅದು ಸೊಸೆಯ ಅರಿವಿಗೆ ಬರುವಷ್ಟರಲ್ಲಿ ಮಾವನ ತೊಡೆಯ ಮೇಲೆ ಅಂಗಾತ ಮಲಗಿದ್ದ ಹೆಣ್ಣು ಮೊಲ ಕಿರುಚಿಬಿಟ್ಟಿತು. ಜನ್ಮದಲ್ಲಿ ಬಾಯಿ ಬಿಡದ ಪ್ರಾಣಿ ಅದು. ಈ ಮನೆಗೆ ಬಂದ ಆರು ವರ್ಷದಲ್ಲಿ ಅವಳು ಮೊಲದ ದನಿ ಕೇಳಿದ್ದು ಅದೇ ಮೊದಲು. ಹೊಟ್ಟೆಯ ಬಿಳಿ ಉಣ್ಣೆಯಲ್ಲಿ ಕೆಂಪು ಹರಡುತ್ತಿತ್ತು. ಎಂಟು ಮೊಲೆತೊಟ್ಟುಗಳಲ್ಲಿ ಒಂದು ಉಣ್ಣೆಯ ಜೊತೆಗೇ ಕತ್ತರಿಸಿಹೋಗಿತ್ತು.

"ಒದ್ದಾಡಿಬಿಡ್ತು ನೋಡು, ಹಾಳಾದ್ದು," ಎಂದರು ಮಾವ.

ಅದು ಒದ್ದಾಡಿರಲಿಲ್ಲ. ಹಿಂಗಾಲುಗಳನ್ನು ಹಿಡಿದುಕೊಂಡಿದ್ದವಳು ಸೊಸೆಯೇ.

"ಹೂಂ ಮಾವ, ಒದ್ದಾಡ್ತು," ಎಂದಳು.

ಉಣ್ಣೆಗಾಗಿ ಸಾಕುವ ಈ ಉದ್ದ ಕೂದಲಿನ ಮೊಲಗಳಿಗೆ ಮರಿ ಹಾಕುವ ಎರಡು ಮೂರು ದಿನ ಮುಂಚೆ ಹೊಟ್ಟೆಯ ಉಣ್ಣೆ ಕತ್ತರಿಸಲೇಬೇಕು. ಬಿಟ್ಟರೆ ತಾಯಿ ಅದನ್ನೇ ಕಿತ್ತು ಗೂಡಿಗೆ ಹಾಸುತ್ತದೆ, ಅದರ ಉದ್ದನೆಯ ಎಳೆಗಳು ಮರಿಗಳ ಕುತ್ತಿಗೆಗೆ ಸುತ್ತಿಕೊಳ್ಳುತ್ತವೆ. ಚರ್ಮವೋ ಬಲು ತೆಳು, ಉಣ್ಣೆ ಎಳೆದರೆ ಅದೂ ಮೇಲೇಳುತ್ತದೆ. ಅಂಥ ಕೆಲಸವನ್ನು ಮಾವ ನಲವತ್ತು ವರ್ಷ ಒಂದು ಗೀರೂ ಬೀಳದಂತೆ ಮಾಡಿದವರು. "ಅಪ್ಪನ ಬೆರಳಿಗೇ ಕಣ್ಣಿದೆ" ಎಂದು ಮಗ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಬೆರಳಿನ ಮಾತು ಹಾಗಿರಲಿ, ಮುಖದ ಮೇಲಿನ ಕಣ್ಣು ಮಸುಕಾಗಿ ವರ್ಷವಾಗಿದೆ ಎಂದು ಸೊಸೆಗೆ ಗೊತ್ತಿತ್ತು. ನೀರಿನ ಲೋಟವನ್ನು ಅವರ ಬೆರಳಿಗೆ ಮುಟ್ಟಿಸಿಯೇ ಕೊಡುತ್ತಿದ್ದಳು. ಒಳಗೆ ಬರುವಾಗ ಬೇಕೆಂದೇ ಕೆಮ್ಮುತ್ತಿದ್ದಳು. ಅತ್ತೆ ಹೋದ ಮೇಲೆ ಆ ಮುದಿಜೀವಕ್ಕೆ ಉಳಿದಿದ್ದು ಕತ್ತರಿಯೊಂದೇ; ಅದನ್ನೂ ಕಿತ್ತುಕೊಳ್ಳುವ ಪಾಪ ತನಗೇಕೆ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಮೂರನೆಯ ದಿನ ಮೊಲ ಆರು ಮರಿ ಹಾಕಿತು. ಮೈಮೇಲೆ ಒಂದು ಕೂದಲಿಲ್ಲದ, ಕಣ್ಣು ತೆರೆಯದ ಮರಿಗಳು. ದಿನಕ್ಕೆ ಒಂದೋ ಎರಡೋ ಸಲ, ನಾಲ್ಕೈದು ನಿಮಿಷ ಹಾಲೂಡುವ ಜಾತಿ ಅದು. ಅಷ್ಟು ಹೊತ್ತೂ ಈ ತಾಯಿ ನಿಲ್ಲಲಿಲ್ಲ. ಗಾಯ ಬಾತು ಕಲ್ಲಾಗಿತ್ತು. ಮರಿ ಬಾಯಿ ಹಾಕಿದರೆ ಸಾಕು, ಗೂಡಿನ ಪೆಟ್ಟಿಗೆಯಿಂದ ಆಚೆ ಹಾರುತ್ತಿತ್ತು. ಸೊಸೆ ಬಿಸಿ ಬಟ್ಟೆ ಒತ್ತಿದಳು, ಮುಲಾಮು ಹಚ್ಚಿದಳು, ತಾಯಿಯನ್ನು ಅದುಮಿ ಹಿಡಿದು ಮರಿಗಳನ್ನು ಒಂದೊಂದಾಗಿ ಒಡ್ಡಿದಳು. ಅವುಗಳ ಹೊಟ್ಟೆ ಬೆನ್ನಿಗಂಟಿ ಚರ್ಮ ಸುಕ್ಕುಗಟ್ಟಿತು.

"ಮರಿಗಳು ಹೇಗಿವೆಯಮ್ಮ?" ಎಂದು ಮಾವ ದಿನಾ ಕೇಳುತ್ತಿದ್ದರು.

"ಚೆನ್ನಾಗಿವೆ ಮಾವ," ಎನ್ನುತ್ತಿದ್ದಳು, ಸತ್ತದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡು. ಮರಿ ಹಾಕಿದ ನಾಲ್ಕನೆಯ ಬೆಳಗ್ಗೆ ಕೊನೆಯದನ್ನೂ ಹಿತ್ತಲಲ್ಲಿ ಹೂತು ಬಂದಳು.

ಮಾರನೆಯ ದಿನ ಇನ್ನೊಂದು ತಾಯಿಯ ಸರದಿ. ಮಾವ ತೊಡೆಗೆ ಗೋಣಿತಟ್ಟು ಹಾಸಿಕೊಂಡು, ಕತ್ತರಿ ಹಿಡಿದು ಕೂತಿದ್ದರು. ಸೊಸೆ ಮೊಲವನ್ನು ಎದೆಗವಚಿಕೊಂಡು ಎದುರಿಗೆ ನಿಂತಳು. ಕೊಡಲು ಕೈ ಬರಲಿಲ್ಲ.

"ಕತ್ತರಿ ನನಗೆ ಕೊಡಿ ಮಾವ."

"ಯಾಕೆ?"

"ಅವತ್ತು ಅದು ಒದ್ದಾಡ್ಲಿಲ್ಲ. ಮರಿಗಳೂ ಉಳೀಲಿಲ್ಲ."

ಮಾವ ಕತ್ತರಿಯನ್ನು ಒಮ್ಮೆ ತೆರೆದು ಮುಚ್ಚಿದರು.

"ಗೊತ್ತು. ನಿನ್ನೆ ಪೆಟ್ಟಿಗೆಯೊಳಗೆ ಕೈ ಹಾಕಿ ನೋಡ್ದೆ. ಹುಲ್ಲು ತಣ್ಣಗಿತ್ತು. ನಾನು ನಾಚಿಕೆಗೆ ಸುಳ್ಳು ಹೇಳ್ದೆ. ನೀನ್ಯಾಕಮ್ಮ ಹೂಂ ಅಂದೆ?" ಎಂದರು.

ಕರುಣೆ ಎಂದುಕೊಂಡಿದ್ದೆಲ್ಲ ಬರೀ ಹೆದರಿಕೆ ಎಂದು ಅವಳಿಗೆ ಅನ್ನಿಸಿ ತನ್ನ ಮೇಲೇ ಹೇಸಿಗೆಯಾಯಿತು. ಆರು ಮರಿಗಳ ಸಾವಿನಲ್ಲಿ ಅವಳ ಪಾಲೂ ಇತ್ತು.

ಮಾವ ಕತ್ತರಿಯನ್ನು ತಿರುಗಿಸಿ, ಹಿಡಿಯನ್ನು ಮುಂದೆ ಚಾಚಿದರು. ಅವಳಿದ್ದ ಕಡೆಗಲ್ಲ, ಒಂದು ಗೇಣು ಪಕ್ಕಕ್ಕೆ. ಅವಳೇ ಕೈ ಅತ್ತ ಒಯ್ದು ತೆಗೆದುಕೊಂಡಳು.

"ಮೊಲ ಇಲ್ಲಿ ಮಲಗಿಸು. ತೊಟ್ಟು ನಾನು ಮುಚ್ಕೋತೀನಿ. ನೀನು ನನ್ನ ಬೆರಳಿನ ಸುತ್ತ ಕತ್ತರಿಸ್ಕೊಂಡು ಬಾ."

ಉಣ್ಣೆಯೊಳಗೆ ತಡಕಾಡಿದ ಹೆಬ್ಬೆರಳು ಮೊದಲ ತೊಟ್ಟನ್ನು ಕಂಡುಹಿಡಿಯಿತು, ಆಮೇಲೆ ಎರಡನೆಯದನ್ನು. ಮೂರನೆಯದರ ಹತ್ತಿರ ಸೊಸೆಯ ಕೈ ಜಾರಿ ಕತ್ತರಿಯ ತುದಿ ಮಾವನ ಬೆರಳನ್ನು ಕಚ್ಚಿತು.

"ಅಯ್ಯೋ, ಮಾವ!"

ಬೆರಳು ಅಲುಗಾಡಲಿಲ್ಲ.

"ಮೊಲಕ್ಕೇನೂ ಆಗ್ಲಿಲ್ಲ ತಾನೆ?"

"ಇಲ್ಲ."

"ಸರಿ, ಕತ್ತರಿಸು."

ಹೆಬ್ಬೆರಳು ಬಿಳಿ ಉಣ್ಣೆಯ ಮೇಲೆ ಕೆಂಪು ಗುರುತು ಬಿಡುತ್ತ ಹೋಗಿ, ನಾಲ್ಕನೆಯ ತೊಟ್ಟನ್ನು ಹುಡುಕಿ ಮುಚ್ಚಿತು.