ಸೋದರಮಾವನ ವಿಚಾರಣೆ

ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆದುಕೊಡುವ ಆ ದೊಡ್ಡ ಲಾಂಡ್ರಿಯಲ್ಲಿ ಮುಂಜಾನೆಯಿಂದಲೇ ಹಬೆ ಚಾವಣಿಗೆ ಆತುಕೊಂಡು ನಿಲ್ಲುತ್ತಿತ್ತು. ಒಗೆದ ಹಾಸುಗಳು ತಂತಿಯ ಮೇಲೆ, ಯಾರದೋ ನಿದ್ದೆಗೆ ಕಾಯುತ್ತಿರುವಂತೆ, ಮೆಲ್ಲಗೆ ತೂಗುತ್ತಿದ್ದವು. ಅವುಗಳ ನಡುವೆ ನಿಂತು ಹೊಸ ಮ್ಯಾನೇಜರು ಶಿಸ್ತಿನ ಕುರಿತು ಭಾಷಣ ಮಾಡುತ್ತಿದ್ದ.

ಭಾಷಣ ಚೆನ್ನಾಗಿಯೇ ಇತ್ತು. “ಸಂಸ್ಥೆಯೆಂದರೆ ಒಂದು ದೇಹ” ಎಂಬಲ್ಲಿಗೆ ಅದು ಮುಟ್ಟಿದಾಗ ಇಸ್ತ್ರಿ ವಿಭಾಗದ ಮೇಸ್ತ್ರಿ ಸಾಲು ಬಿಟ್ಟು ಬಂದರು. ಒಂದು ಕಾಜ ತಪ್ಪಿಸಿ ಹಾಕಿಕೊಂಡಿದ್ದ ಮ್ಯಾನೇಜರನ ಅಂಗಿಯ ಗುಂಡಿಗಳನ್ನು ಮೇಲಿನಿಂದ ಕೆಳಗಿನವರೆಗೆ ಬಿಚ್ಚಿ, ಮತ್ತೆ ಸರಿಯಾಗಿ ಹಾಕತೊಡಗಿದರು.

“ಅಲ್ಲಾಡ್ಬೇಡ ಪಾಪು. ದೇಹ ಅಂದ್ಯಲ್ಲ, ಮುಂದಕ್ಕೆ ಹೇಳು.”

ನಗು ಹಾಸುಗಳ ಹಿಂದೆ ಹೋಗಿ ಅಡಗಿತು. ಮೇಸ್ತ್ರಿ ಮ್ಯಾನೇಜರನ ಸೋದರಮಾವ. ತಂದೆಯಿಲ್ಲದ ಹುಡುಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವರು. ಈಗಲೂ ಅಕ್ಕನ ಮನೆಯಲ್ಲಿ ಅವನೊಂದಿಗೆ ಒಂದೇ ಸೂರಿನಡಿ ಇರುವವರು.

ಆದರೆ ಲಾಂಡ್ರಿಯ ಯಜಮಾನರು ಹಿಂದಿನ ವಾರವಷ್ಟೇ ಮ್ಯಾನೇಜರನಿಗೆ ಹೇಳಿ ಹೋಗಿದ್ದರು: “ಕೆಲಸ ನಿಂಗೆ ಬರುತ್ತಪ್ಪ, ಅನುಮಾನ ಇಲ್ಲ. ಜನ ನಿಂಗೆ ಹೆದರ್ತಾರಾ? ಹೆದರಿದ್ರೆ ಕುರ್ಚಿ ಖಾಯಂ. ಇಲ್ಲಾಂದ್ರೆ ನಾನು ಬೇರೆಯವರನ್ನ ನೋಡ್ಬೇಕಾಗುತ್ತೆ.”

ಮ್ಯಾನೇಜರು ಮಾವನನ್ನು ತನ್ನ ಕೋಣೆಗೆ ಕರೆಸಿದ.

“ಎಲ್ಲರ ಎದುರಿಗೆ ಹಾಗೆ ಮಾಡಬಹುದಾ ಮಾವ?”

“ಎಲ್ಲರ ಎದುರಿಗೆ ಹಾಗೆ ನಿಂತಿದ್ದೋನು ನೀನು.”

“ಇಲ್ಲಿ ನಾನು ನಿಮ್ಮ ಮೇಲಧಿಕಾರಿ.”

“ಆಗು, ಬೇಡ ಅಂದೋರ್ಯಾರು?”

“ಒಂದು ಕ್ಷಮೆ ಕೇಳಿ, ಸಾಕು.”

“ಕೇಳೋಣ, ಅದಕ್ಕೇನಂತೆ. ನೀನು ಮೊದ್ಲು ಕೂತ್ಕೋ. ಮುಖ ಬಾಡಿಹೋಗಿದೆ.”

ಹೀಗೆ ಕೇಳಿದ ಕ್ಷಮೆಯಿಂದ ಯಾರೂ ಹೆದರುವಂತಿರಲಿಲ್ಲ. ಮ್ಯಾನೇಜರು ಹೊರಬಂದು, ಅವಿಧೇಯತೆಯ ಆರೋಪದ ಮೇಲೆ ವಿಚಾರಣೆ ನಡೆಯುವುದೆಂದು ಸಾರಿದ. ದೂರು ಕೊಟ್ಟವನು ವಿಚಾರಣೆ ನಡೆಸಬಾರದು, ಅತಿ ಹಿರಿಯ ನೌಕರನೇ ನಡೆಸತಕ್ಕದ್ದು ಎಂಬ ನಿಯಮವನ್ನೂ ಗಟ್ಟಿದನಿಯಲ್ಲಿ ಹೇಳಿ, “ನಿಯಮ ಅಂದ್ರೆ ನಿಯಮ, ಯಾರಿಗೂ ವಿನಾಯಿತಿ ಇಲ್ಲ” ಎಂದು ಮುಗಿಸಿದ.

ಬಟ್ಟೆ ಹಿಂಡುವ ಯಂತ್ರದ ಹೆಂಗಸು ಕೈಯೊರೆಸಿಕೊಂಡು ಕೇಳಿದಳು: “ಎಲ್ಲರಿಗಿಂತ ಹಿರೀರು ಅಂದ್ರೆ ಮೇಸ್ತ್ರಿನೇ ಅಲ್ವಾ ಸಾರ್?”

ಮಾತು ಆಡಿಯಾಗಿತ್ತು. ಬಟ್ಟೆ ಮಡಿಚುವ ಮೇಜಿನ ಎರಡು ಬದಿಗೆ ಎರಡು ಕುರ್ಚಿ ಹಾಕಲಾಯಿತು. ಮರುದಿನ ಮೇಸ್ತ್ರಿ ಕೋಟು ತೊಟ್ಟು ಬಂದು ಅಧಿಕಾರಿಯ ಕುರ್ಚಿಯಲ್ಲಿ ಕುಳಿತು, ಎದುರಿನ ಖಾಲಿ ಕುರ್ಚಿಯನ್ನು ದುರುಗುಟ್ಟಿ ನೋಡಿದರು.

“ಗುಂಡಿ ಬಿಚ್ಚಿದ್ದು ನಿಜವೇನಯ್ಯಾ?”

ಎದ್ದು, ಕೋಟು ಕಳಚಿ, ಆಚೆ ಹೋಗಿ ಕುಳಿತರು. “ನಿಜ ಸ್ವಾಮಿ.”

ಮತ್ತೆ ಕೋಟು. “ಅವರು ಮ್ಯಾನೇಜರು ಅಂತ ಗೊತ್ತಿರ್ಲಿಲ್ವಾ?”

“ಆ ಹೊತ್ತಿಗೆ ಮರ್ತುಹೋಯ್ತು ಸ್ವಾಮಿ.”

“ಮರೆಯೋ ವಯಸ್ಸಾದೋರು ಮನೇಲಿರ್ಬೇಕು. ಇದೇನು ನಿಮ್ಮಪ್ಪನ ಮನೆಯಾ?”

ಆಪಾದಿತನ ಕುರ್ಚಿಗೆ ಮರಳಿ ಅವರು ತಲೆತಗ್ಗಿಸಿದರು. ಅಧಿಕಾರಿಯ ಕಟುಮಾತಿನಿಂದ ನಿಜಕ್ಕೂ ನೊಂದಂತಿತ್ತು. ಸ್ವಲ್ಪ ಹೊತ್ತು ಬಿಟ್ಟು ಕೋಟು ತೊಟ್ಟು, ಸಾಕ್ಷಿಯನ್ನು ಕರೆದರು. ಮ್ಯಾನೇಜರು ಬಂದು ನಿಂತ.

“ಇದಕ್ಕೆ ಮುಂಚೆ ಈ ಮನುಷ್ಯ ನಿಮ್ಮ ಮೇಲೆ ಕೈ ಮಾಡಿದ್ದುಂಟಾ?”

“ಉಂಟು.”

“ಯಾವಾಗ?”

“ಚಿಕ್ಕೋನಿದ್ದಾಗ. ಬಾವಿಕಟ್ಟೆ ಹತ್ತಿದ್ದೆ.”

“ಹೊಡೆದ ಮೇಲೆ?”

“ಹೊಡೆದ ಮೇಲೆ… ಅವರೇ ಅತ್ತರು.”

“ಅದು ಈ ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ. ನೀವಿನ್ನು ಹೋಗಬಹುದು.”

ತೀರ್ಪು ತಡವಾಗಲಿಲ್ಲ. ಆರೋಪ ಸಾಬೀತಾಗಿದೆ, ಆಪಾದಿತನನ್ನು ಕೆಲಸದಿಂದ ವಜಾ ಮಾಡತಕ್ಕದ್ದು. ಈ ಸಲ ಹಾಸುಗಳ ಹಿಂದೆ ಯಾರೂ ನಗಲಿಲ್ಲ.

ಮ್ಯಾನೇಜರು ಮಾವನನ್ನು ತಂತಿಗಳ ಮರೆಗೆ ಎಳೆದೊಯ್ದ. “ಎಚ್ಚರಿಕೆ ಕೊಟ್ಟು ಬಿಟ್ಟಿದ್ರೆ ಆಗ್ತಿತ್ತಲ್ಲ ಮಾವ?”

“ಎಚ್ಚರಿಕೆಗೆ ಯಾರು ಹೆದರ್ತಾರೋ? ಸ್ವಂತ ಮಾವನ್ನೇ ತೆಗೆದ ಅಂದ್ರೆ ಇನ್ನು ನಿಂಗೆ ಒಬ್ಬರೂ ಎದುರಾಡಲ್ಲ. ರುಜು ಹಾಕು. ಕುರ್ಚಿ ಖಾಯಂ ಆಗ್ಲಿ.”

“ನಿಮ್ಮ ಕೆಲಸ?”

“ಮಾಡಿದ್ದಾಯ್ತು ಬಿಡು.”

ರುಜು ಬಿತ್ತು.

ಅಂದಿನಿಂದ ಲಾಂಡ್ರಿಗೆ ಭಯವೆಂಬುದು ಬಂದು ಸೇರಿತು. ಬಹಳ ಸಭ್ಯವಾದ ಭಯ. ಹಾಡಿಕೊಂಡು ಮಡಿಚುತ್ತಿದ್ದವರು ಬರಿದೇ ಮಡಿಚಿದರು. ಯಂತ್ರದ ಬೆಲ್ಟು ಸುಟ್ಟ ವಾಸನೆ ಬಂದರೂ, ಮ್ಯಾನೇಜರು ಹೇಗಿದೆಯೆಂದು ಕೇಳಿದರೆ, “ಚೆನ್ನಾಗಿದೆ ಸಾರ್” ಎಂದರು. ಬೆಲ್ಟು ತುಂಡಾಯಿತು; ಆಗಲೂ “ಚೆನ್ನಾಗಿದೆ ಸಾರ್” ಎಂದರು. ಸುದ್ದಿ ಕೇಳಿ ಯಜಮಾನರು ಹಿಗ್ಗಿದರು. ಬೆಲ್ಟಿನ ಸುದ್ದಿಯನ್ನಲ್ಲ, ಭಯದ ಸುದ್ದಿಯನ್ನು. ತಾವೇ ಬಂದು ಅವನ ಕೈ ಕುಲುಕಿದರು.

“ಇವತ್ತಿಂದ ನೀನು ಖಾಯಂ. ಸ್ವಂತ ಮಾವ ಅಂತಾನೂ ನೋಡ್ಲಿಲ್ಲ ನೀನು. ಗಂಡು ಅಂದ್ರೆ ಹೀಗಿರ್ಬೇಕು.”

ಆ ಹೊತ್ತಿಗೆ ಬಾಗಿಲು ತಟ್ಟದೆಯೇ ಮಾವ ಒಳಬಂದರು. ಊಟದ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಕುರ್ಚಿಯೊಂದನ್ನು ಎಳೆದುಕೊಂಡು ಕುಳಿತು, ಮುಚ್ಚಳ ಬಿಚ್ಚಿದರು. “ಅಕ್ಕ ಕಳಿಸಿದ್ದಾಳೆ. ಬಿಸಿಬಿಸಿ ಇದೆ, ತಿನ್ನು. ಯಜಮಾನ್ರೇ, ನಿಮ್ಮದು ಊಟ ಆಯ್ತಾ?”

ಯಜಮಾನರ ಮುಖ ಕೆಂಪೇರಿತು. “ಇವನೇ ಅಲ್ವಾ ಅವನು? ಯಾರನ್ನ ಕೇಳಿ ಒಳಗೆ ಬಂದ? ಮೊದ್ಲು ಹೊರಗೆ ಕಳಿಸು.”

ಮ್ಯಾನೇಜರು ತನಗೆ ಗೊತ್ತಿದ್ದ ನಿಯಮಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿದ. ಎಲ್ಲವೂ ನೌಕರರನ್ನು ಕುರಿತವು. ಎದುರಿಗೆ ಕುಳಿತಿದ್ದವರು ಈಗ ಬರೀ ಮಾವ. ಅವರು ಅನ್ನದ ಉಂಡೆ ಒಡೆದು, ಬಿಸಿ ಆರಲೆಂದು ಊದುತ್ತಿದ್ದರು.

ಅವನು ಎದ್ದು ನಿಂತ.

“ಸಾರ್, ಇದು ಊಟದ ಹೊತ್ತು. ತಾವು ಸ್ವಲ್ಪ ಹೊರಗಿರಿ.”

“ಏನಂದೆ?”

“ಬಾಗಿಲು ಎಳ್ಕೊಂಡು ಹೋಗಿ ಸಾರ್. ಹಬೆ ಬರುತ್ತೆ.”

ಯಜಮಾನರು ಒದ್ದೆ ಹಾಸುಗಳ ನಡುವೆ ಬಂದು ನಿಂತರು; ತಮಗೆ ಹೆದರುವ ಒಂದಾದರೂ ಮುಖ ಕಂಡೀತೇ ಎಂದು ಹಬೆಯಲ್ಲಿ ಹುಡುಕಿದರು. ಹಿಂಡುವ ಯಂತ್ರದ ಹೆಂಗಸು ಸ್ಟೂಲೊಂದನ್ನು ತಂದು ಹಾಕಿದಳು.

“ಕೂತ್ಕೊಳ್ಳಿ ಸಾರ್. ಅವರಿಬ್ಬರೂ ಊಟಕ್ಕೆ ಕೂತ್ರೆ ಬೇಗ ಏಳಲ್ಲ. ಅಷ್ಟರಲ್ಲಿ ಆ ಬೆಲ್ಟು ಒಂಚೂರು ನೋಡ್ತೀರಾ?”