ಪಡುವಣ ಮೂಲೆಯ ಕಣಜ

ಗುರುಶಿದ್ದಪ್ಪ ಮಾಸ್ತರರು ನಡೆಯುತ್ತಿರಲಿಲ್ಲ, ಅಳೆಯುತ್ತಿದ್ದರು. ಗೋಪನಕೊಪ್ಪದ ಮನೆಯಿಂದ ಹೈಸ್ಕೂಲಿನ ಮೆಟ್ಟಿಲವರೆಗೂ ಒಂದೇ ಪ್ರಮಾಣದ ಹೆಜ್ಜೆ, ತುಟಿಯ ಮೇಲೆ ಎಣಿಕೆಯ ಗುಣುಗು. ದಾರಿಯಲ್ಲಿ ಯಾರಾದರೂ ನಮಸ್ಕರಿಸಿದರೆ ಬೆರಳೆತ್ತಿ ತಡೆದು, ಎಣಿಕೆ ಮುಗಿದ ಮೇಲೆ ತಿರುಗಿ ಬಂದು ‘ಏನಂದ್ರಿ?’ ಎಂದು ಕೇಳುವ ಸ್ವಭಾವ. ಬೂದು ಬಣ್ಣದ ಬಂದ್ ಕಾಲರಿನ ಕೋಟಿನ ಒಂದು ಕಿಸೆಯಲ್ಲಿ ಸೀಮೆಸುಣ್ಣ, ಇನ್ನೊಂದರಲ್ಲಿ ಗಬ್ಬೂರಿನಾಚೆಯ ಹಾಳು ಕೋಟೆಯ ಅಳತೆಗಳನ್ನು ಬರೆದ ವಹಿ. ಇಪ್ಪತ್ತು ವರ್ಷದ ಭಾನುವಾರಗಳೆಲ್ಲ ಆ ವಹಿಯೊಳಗಿದ್ದವು. ಸಾಲಿಯ ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಆ ಕೋಟೆಯನ್ನು ಬರೆದು ಮಕ್ಕಳನ್ನು ಅದರೊಳಗೆ ನಡೆಸುವರು. ನಾವು ಕಸಗುಡಿಸುವವರು ಗೆರೆ ಅಳಿಯದಂತೆ ಸುತ್ತುಹಾಕಿ ಗುಡಿಸಬೇಕು.

ಎರಡು ಸಾವಿರದ ಮೂರರಲ್ಲಿ ಅವರ ಹಳೆಯ ವಿದ್ಯಾರ್ಥಿನಿ, ಕಂಪ್ಯೂಟರ್ ಓದಿದ ಸುಕನ್ಯಾ, ಆ ವಹಿಯನ್ನೇ ಆಧಾರವಾಗಿಟ್ಟುಕೊಂಡು ಕೋಟೆಯನ್ನು ಯಂತ್ರದೊಳಗೆ ಎಬ್ಬಿಸಿದಳು. ವಾಯರು ಕಟ್ಟಿದ ಹೆಲ್ಮೆಟ್ಟಿನಂಥದೊಂದನ್ನು ತಲೆಗೇರಿಸಿದರೆ ಸುತ್ತಲೂ ಕೋಟೆ ನಿಲ್ಲುವುದು, ಕತ್ತು ಹೊರಳಿಸಿದತ್ತ ಹೊಸ ಬುರುಜು ಕಾಣುವುದು. ಹೆಣ್ಣುಮಕ್ಕಳು ಕೋಟೆಯೊಳಗಿನ ಗುಡಿ ಎದುರಾದ ಕೂಡಲೇ ಚಪ್ಪಲಿ ಬಿಟ್ಟರು. ಬಾಗಿ, ಬರಿಯ ಸಿಮೆಂಟು ನೆಲವನ್ನು ಹೊಸ್ತಿಲೆಂದು ಮುಟ್ಟಿ ಕಣ್ಣಿಗೊತ್ತಿಕೊಂಡರು. ಯಾರೂ ನಗಲಿಲ್ಲ. ಅಷ್ಟು ನಂಬಿಕೆ.

ಆದರೆ ಕೋಟೆಯ ಪಡುವಣ ಮೂಲೆಯಲ್ಲಿ ಉಳಿದದ್ದು ಬರಿ ಮಣ್ಣು. ಯಂತ್ರದೊಳಗೆ ಖಾಲಿ ಬಿಟ್ಟರೆ ಅಲ್ಲಿ ಕರಿಗುಂಡಿಯಂತೆ ಕಾಣುತ್ತದೆ, ಏನನ್ನಾದರೂ ಇಡಲೇಬೇಕೆಂದು ಸುಕನ್ಯಾ ಮೊದಲೇ ಕೇಳಿದ್ದಳು. ಉದ್ಘಾಟನೆಗೆ ಎರಡೇ ದಿನ ಉಳಿದಿತ್ತು. ಮಾಸ್ತರರು ತಲೆಯೆತ್ತದೆ ಹೇಳಿದ್ದರು: “ಒಂದು ಕಣಜ ಇಟ್ಟುಬಿಡವ್ವಾ.”

ಜನವರಿಯ ಪರೀಕ್ಷೆಯಲ್ಲಿ, ಶತ್ರು ಮುತ್ತಿದರೆ ಆ ಕೋಟೆ ಎಷ್ಟು ದಿನ ತಾಳೀತು ಎಂಬ ಪ್ರಶ್ನೆಗೆ ಒಂಬತ್ತನೆಯ ಇಯತ್ತೆಯ ದುರ್ಗಾ ಎರಡು ಪುಟ ಬರೆದಳು. ಕಣಜಕ್ಕೆ ಮೂರು ಬಾಗಿಲು, ಇಷ್ಟು ಚೀಲ ಜೋಳ, ಇಷ್ಟು ಮಂದಿ. ಅಂದಮೇಲೆ ಆರು ತಿಂಗಳು. ಒಂದು ಎಳೆಯೂ ತಪ್ಪದ ತರ್ಕ. ಆ ಪುಟದ ಮುಂದೆ ಮಾಸ್ತರರು ಮಧ್ಯಾಹ್ನವೆಲ್ಲ ಕೂತಿದ್ದರು. ಕೈಯಲ್ಲಿದ್ದ ಕೆಂಪು ಪೆನ್ನಿನ ಮಸಿ ಒಣಗಿತು.

ಮರುವಾರ ಶಿಕ್ಷಣ ಇಲಾಖೆಯ ಸಾಹೇಬರು ಕೋಟೆ ನೋಡಲು ಬಂದರು. ಅವರು ಒಪ್ಪಿದರೆ ಜಿಲ್ಲೆಯ ನಲವತ್ತು ಹೈಸ್ಕೂಲುಗಳಿಗೆ ಆ ಕೋಟೆ ಹೋಗುವುದಿತ್ತು. ಮಾಸ್ತರರ ನಿವೃತ್ತಿಗೆ ಉಳಿದದ್ದು ನಾಲ್ಕು ತಿಂಗಳು. ಸಾಹೇಬರು ಎಲ್ಲವನ್ನೂ ನೋಡಿ, ಕಣಜವನ್ನೇ ವಿಶೇಷವಾಗಿ ಹೊಗಳಿದರು. ಮಾಸ್ತರರು ಎದ್ದು ನಿಂತರು.

“ಅದನ್ನ ಕಟ್ಟಿಸಿದಾವ ಅರಸ ಅಲ್ರಿ ಸಾಹೇಬ್ರ, ನಾನು. ಅದನ್ನ ತಗದು ಉಳದಿದ್ದು ಒಯ್ರಿ.”

“ಕಣಜ ಇಲ್ಲದ ಕೋಟಿ ಎಲ್ಲಿರತೈತ್ರಿ ಮಾಸ್ತರ? ನೋಡಾಕ ಛಲೋ ಐತಿ, ಇರ್ಲಿ ಬಿಡ್ರಿ.”

“ಇದ್ದೀತ್ರಿ. ಎಲ್ಲಿತ್ತು, ಎಷ್ಟಿತ್ತು, ನನಗ ಗೊತ್ತಿಲ್ಲ.”

ತೆಗೆದರೆ ಯಂತ್ರವೇ ಕೆಟ್ಟಂತೆ ಕಾಣುತ್ತದೆಂದು ಸುಕನ್ಯಾ ಮೆಲ್ಲಗೆ ಬೇಡಿಕೊಂಡಳು. ಮಾಸ್ತರರು ಅಲುಗಲಿಲ್ಲ. ಗುಂಡಿ ಬಿದ್ದ ಕೋಟೆಯನ್ನು ಮೇಲಿನವರಿಗೆ ಹೇಗೆ ತೋರಿಸಲಿ ಎಂದು ಸಾಹೇಬರು ಸಹಿ ಹಾಕದೆ ಎದ್ದರು. ಆ ತಿಂಗಳೇ ಹೆಲ್ಮೆಟ್ಟು ಡಬ್ಬಿ ಸೇರಿ ವಾಪಸ್ಸು ಹೋಯಿತು. ಮಾಸ್ತರರಿಗೆ ಅರಳುಮರಳೆಂದು ಜೊತೆಯವರೇ ಆಡಿಕೊಂಡರು.

ಅವರು ಮಾತ್ರ ನೆಟ್ಟಗೆ ದುರ್ಗಾಳ ತರಗತಿಗೆ ಹೋಗಿ, ಎಲ್ಲರೆದುರು, ಹುಡುಗಿಯ ಲೆಕ್ಕ ಖರೇ, ತಾನಿಟ್ಟ ಕಣಜ ಸುಳ್ಳು ಎಂದು ಹೇಳಿ ಪೂರ್ತಿ ಅಂಕ ಕೊಟ್ಟರು. ಹುಡುಗಿಗೆ ಅಂಕ ಬೇಕಿರಲಿಲ್ಲ. ಕಣ್ತುಂಬಿಕೊಂಡು ಕೇಳಿದಳು: “ಹಂಗಾರ ಆ ಮಂದಿ ಎಷ್ಟು ದಿನ ಬದುಕಿದ್ರು ಸರ?”

ಮಾಸ್ತರರು ಅವಳ ಉತ್ತರದ ಹಾಳೆಯನ್ನು ಅವಳ ಮುಂದಿಟ್ಟರು. “ನೀ ಅವ್ರಿಗೆ ಕೊಟ್ಟ ಆರು ತಿಂಗಳ ಅನ್ನ ನಾ ಕಸಗೊಂಡೆನವ್ವಾ,” ಎಂದರು.

ತಪ್ಪು ಕಲಿಸದ ಮಾಸ್ತರರು ಲೋಕದಲ್ಲಿ ಇರಲಾರರು. ಕಲಿಸಿದ ತಪ್ಪಿನ ಬೆನ್ನುಹತ್ತಿ ಮಗು ಕೂತ ಬಾಕಿನವರೆಗೆ ತಿರುಗಿ ಬರುವವರು ಮಾತ್ರ ಎಲ್ಲೋ ಕೆಲವರು. ಅಂಥವರಿಗೆ ಹಾರ ತುರಾಯಿ ದೊರೆಯುವುದು ಕಡಿಮೆ. ಆ ಹೊತ್ತಿಗೆ ಮಗುವೂ ಅವರನ್ನು ಕ್ಷಮಿಸುವುದಿಲ್ಲ. ಆದರೂ ಬರುತ್ತಾರೆ, ಏಕೆಂದರೆ ತಮ್ಮ ಬಗೆಗಿನ ಸುಳ್ಳನ್ನು ಸತ್ತವರು ಎದ್ದುಬಂದು ತಿದ್ದಲಾರರೆಂಬುದು ಅವರಿಗೆ ತಿಳಿದಿರುತ್ತದೆ.